ಪ್ರಶಸ್ತಿ ಪಟ್ಟಿಯಲ್ಲಿ ಇಲ್ಲದ ಹೆಸರು

2013ರ ನವೆಂಬರ್ 16. ಸಚಿನ್ ತೆಂಡೂಲ್ಕರ್ ಕೊನೆಯ ಟೆಸ್ಟ್ ಮುಗಿಸಿದ ದಿನ. ಅವತ್ತೇ ಅವರಿಗೆ ಭಾರತ ರತ್ನ ಅಂತ ಘೋಷಣೆಯಾಯ್ತು. ಅದೇ ದಿನ ಅದೇ ಗೌರವ ಇನ್ನೊಬ್ಬರಿಗೂ ಘೋಷಣೆಯಾಗಿತ್ತು. ಅವರು ಬೆಂಗಳೂರಿನಲ್ಲೇ ಹುಟ್ಟಿದ ಕೆಮಿಸ್ಟ್ರಿ ಪ್ರೊಫೆಸರ್ ಸಿ. ಎನ್. ಆರ್. ರಾವ್. ನಾವೆಲ್ಲ ಆಗ ಪ್ರೈಮರಿ ಸ್ಕೂಲು. ಸಚಿನ್ ಸುದ್ದಿ ನೆನಪಿದೆ, ರಾವ್ ಅವರ ಸುದ್ದಿ ನೆನಪಿಲ್ಲ. ಕೆಮಿಸ್ಟ್ರಿಯವರಿಗೂ ಇಷ್ಟು ದೊಡ್ಡ ಚಪ್ಪಾಳೆ ಸಿಗುತ್ತೆ ಅಂತ ನಮಗೆ ಗೊತ್ತಾಗಿದ್ದು ಫಸ್ಟ್ ಇಯರ್‌ನಲ್ಲಿ, ಕೆಮಿಸ್ಟ್ರಿ ಸೈಕಲ್‌ಗೆ ಬಂದ ಮೇಲೆ.

ರಾವ್ ಅವರಿಗೆ 1968ರಲ್ಲೇ ಭಟ್ನಾಗರ್ ಪ್ರಶಸ್ತಿ ಬಂದಿತ್ತು. 1984ರಿಂದ ಹತ್ತು ವರ್ಷ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಬರೆದ ಸಂಶೋಧನಾ ಲೇಖನಗಳು 1500ಕ್ಕೂ ಹೆಚ್ಚು. ಈ ಲೆಕ್ಕ ಓದಿದಾಗ ನಮಗೆ ಮೊದಲು ಬಂದಿದ್ದು ಹೆಮ್ಮೆ. ಆಮೇಲೆ ಒಂದು ಪ್ರಶ್ನೆಯೂ ಬಂತು. ಇಷ್ಟು ಲೇಖನಗಳ ಹಿಂದೆ ಎಷ್ಟು ಪ್ರಯೋಗ ನಡೆದಿರಬೇಕು? ಅಷ್ಟು ಫ್ಲಾಸ್ಕ್ ತೊಳೆದವರು, ಫರ್ನೇಸ್ ಕಾದವರು, ಗಾಜು ಊದಿ ಕೊಟ್ಟವರು ಯಾರು?

ಈ ಪ್ರಶ್ನೆ ಸುಮ್ನೆ ಬಂದಿದ್ದಲ್ಲ. ಈ ಸೆಮಿಸ್ಟರ್ ನಮ್ಮ ನಾಲ್ಕು ಜನರ ಟೀಮಿನ ಮಿನಿ ಪ್ರಾಜೆಕ್ಟು ಹಾಸ್ಟೆಲ್ ಬೋರ್‌ವೆಲ್ ನೀರಿನ ಗಡಸುತನ ಅಳೆಯೋದು. ಇಡಿಟಿಎ ಟೈಟ್ರೇಷನ್, ನಿಮಗೆಲ್ಲ ಗೊತ್ತಿರೋದೇ. ವೈನ್ ಕೆಂಪು ಹೋಗಿ ನೀಲಿ ಬರಬೇಕು. ನಮಗೆ ಎರಡು ದಿನ ಸರಿಯಾದ ನೀಲಿ ಬರಲೇ ಇಲ್ಲ. ನೇರಳೆಯಲ್ಲೇ ನಿಂತು ಸತಾಯಿಸ್ತಿತ್ತು. ಒಂದು ರೀಡಿಂಗ್ ಇನ್ನೊಂದಕ್ಕೆ ಹೊಂದ್ತಿರಲಿಲ್ಲ. ಇಂಡಿಕೇಟರ್ ಬದಲಾಯಿಸಿದ್ವಿ, ಬ್ಯೂರೆಟ್ ಬದಲಾಯಿಸಿದ್ವಿ, ಕೊನೆಗೆ ನೀರನ್ನೇ ಅನುಮಾನಿಸಿದ್ವಿ.

ಆಗ ಬಂದವರು ಲ್ಯಾಬಿನ ಅಟೆಂಡರ್ ಅಣ್ಣ. ವಯಸ್ಸಲ್ಲಿ ನಮ್ಮ ಅಪ್ಪಂದಿರಿಗಿಂತ ದೊಡ್ಡವರು, ಆದ್ರೂ ಇಡೀ ಕ್ಯಾಂಪಸ್ಸಿಗೆ ಅವರು ಅಣ್ಣ. ಬಫರ್ ಬಾಟಲಿಯ ಮುಚ್ಚಳ ತೆಗೆದು, ಕೈಯಲ್ಲಿ ಗಾಳಿ ಬೀಸಿಕೊಂಡು ಮೂಸಿದ್ರು.

"ಇದ್ರಲ್ಲಿ ಅಮೋನಿಯಾನೇ ಇಲ್ಲ ಕಣ್ರಪ್ಪ. ಮೂಗಿಗೆ ಹೊಡೀಬೇಕು, ಹೊಡೀತಿಲ್ಲ."

ಬಫರ್ ಹಳೆಯದಾಗಿ ಅಮೋನಿಯಾ ಹಾರಿಹೋಗಿತ್ತು. ಪಿಎಚ್ 10ರ ಹತ್ತಿರ ನಿಲ್ಲದೆ ಇದ್ರೆ ಬಣ್ಣ ಚೊಕ್ಕವಾಗಿ ತಿರುಗಲ್ಲ. ಅವರು ಹೊಸ ಬಫರ್ ಮಾಡಿಕೊಟ್ರು, ಹತ್ತು ನಿಮಿಷದಲ್ಲಿ ನೀಲಿ ಬಂತು. ಪುಸ್ತಕದಲ್ಲಿರೋ ಕಾರಣ ಅವರ ಮೂಗಿನಲ್ಲಿತ್ತು!

ಅದೇ ವಾರ ವಿಭಾಗದ ಕಾರಿಡಾರ್‌ನಲ್ಲಿ ಹೊಸ ಬೋರ್ಡ್ ಬಂತು. ಯಾವ ಮೇಡಂಗೆ ಪಿಎಚ್‌ಡಿ, ಯಾವ ಸರ್‌ಗೆ ಉತ್ತಮ ಪ್ರಬಂಧದ ಬಹುಮಾನ, ಎಲ್ಲ ಇದೆ. ಅವರೆಲ್ಲ ಅದಕ್ಕೆ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಏಣಿ ಹಿಡಿದು ಆ ಬೋರ್ಡ್ ತೂಗುಹಾಕಿದವರು ಅಣ್ಣ. ಅವರ ಕೆಲಸಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಈ ವರ್ಷ ಅವರಿಗೆ ರಿಟೈರ್‌ಮೆಂಟು.

ಇದು ಇವತ್ತಿನ ಕಥೆಯೇನಲ್ಲ. ಮೈಕಲ್ ಫ್ಯಾರಡೆ ಗೊತ್ತಲ್ಲ? ನಮ್ಮ ಕೆಪಾಸಿಟರ್ ಲೆಕ್ಕದಲ್ಲೆಲ್ಲ ಅವರ ಹೆಸರಿದೆ. ಅವರೂ 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸೇರಿದ್ದು ಲ್ಯಾಬ್ ಸಹಾಯಕರಾಗಿ. ಇಪ್ಪತ್ತು ವರ್ಷದ ನಂತರ ಅಲ್ಲೇ ಕೆಮಿಸ್ಟ್ರಿ ಪ್ರೊಫೆಸರ್ ಆದರು. ರಾಯಲ್ ಸೊಸೈಟಿಯ ಕೋಪ್ಲಿ ಪದಕ ಎರಡು ಸಲ ಬಂತು. ಗಾಜಿನ ಪ್ರಯೋಗಕ್ಕೆ ಕುಲುಮೆ ನೋಡಿಕೊಳ್ಳಲು ಚಾರ್ಲ್ಸ್ ಆಂಡರ್ಸನ್ ಎಂಬ ಮಾಜಿ ಸಾರ್ಜೆಂಟ್ ಒಬ್ಬರು ಅವರ ಹತ್ತಿರ ಕೆಲಸಕ್ಕೆ ಬಂದರು, ಕೊನೆವರೆಗೂ ಅಲ್ಲೇ ಉಳಿದರು. ಫ್ಯಾರಡೆ ಒಮ್ಮೆ ಅವರನ್ನು ಮನೆಗೆ ಕಳಿಸೋದು ಮರೆತು ಹೋಗಿ, ಬೆಳಿಗ್ಗೆ ಬಂದು ನೋಡಿದ್ರೆ ಆಂಡರ್ಸನ್ ಇನ್ನೂ ಕುಲುಮೆಗೆ ಬೆಂಕಿ ಹಾಕ್ತಾನೇ ಇದ್ರು ಅಂತ ಒಂದು ಕಥೆ ಇದೆ.

1845ರಲ್ಲಿ ಫ್ಯಾರಡೆ ಆ ಹಳೆಯ ಗಾಜಿನಲ್ಲೇ ಬೆಳಕಿಗೂ ಅಯಸ್ಕಾಂತಕ್ಕೂ ಸಂಬಂಧವಿದೆ ಅಂತ ತೋರಿಸಿದರು. ಆ ದೊಡ್ಡ ಲೇಖನದ ಒಂದು ಅಡಿಟಿಪ್ಪಣಿಯಲ್ಲಿ ಆಂಡರ್ಸನ್ ಹೆಸರು ಬರೆದು, ಅವರ ನಿಷ್ಠೆಗೆ, ಅಚ್ಚುಕಟ್ಟಿಗೆ ತಾನು ಋಣಿ ಅಂದರು. ಕೋಪ್ಲಿ ಪದಕ ಕೊಡೋದು ಸೊಸೈಟಿಯ ಕೈಯಲ್ಲಿತ್ತು. ಅಡಿಟಿಪ್ಪಣಿ ಫ್ಯಾರಡೆ ಕೈಯಲ್ಲೇ ಇತ್ತು.

ನಮ್ಮ ದೇಶದಲ್ಲೂ ಗಾಳಿ ಸ್ವಲ್ಪ ಬದಲಾಗ್ತಿದೆ. 2024ರಲ್ಲಿ ಮೊದಲ ಸಲ ಕೊಟ್ಟ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳಲ್ಲಿ ತಂಡಕ್ಕೂ ಒಂದು ಪ್ರಶಸ್ತಿ ಇದೆ, ಅದು ಚಂದ್ರಯಾನ-3ರ ತಂಡಕ್ಕೆ ಬಂತು. ರಾಕೆಟ್ ಒಬ್ಬರಿಂದ ಹಾರಲ್ಲ ಅಂತ ಎಲ್ಲರೂ ಒಪ್ತಾರೆ. ಟೈಟ್ರೇಷನ್ನೂ ಒಬ್ಬರಿಂದ ಆಗಲ್ಲ ಅಂತ ಒಪ್ಪೋಕೆ ಇನ್ನೂ ಟೈಮ್ ಬೇಕೇನೋ.

ಪ್ರಾಜೆಕ್ಟ್ ರಿಪೋರ್ಟಿನ ಕೃತಜ್ಞತೆಯ ಪುಟಕ್ಕೆ ಅಣ್ಣನ ಪೂರ್ತಿ ಹೆಸರು ಹಾಕಿ ಗೈಡ್‌ಗೆ ತೋರಿಸಿದ್ವಿ. "ಫಾರ್ಮ್ಯಾಟ್‌ನಲ್ಲಿ ಪ್ರಿನ್ಸಿಪಾಲ್, ಎಚ್ಒಡಿ, ಗೈಡ್ ಅಷ್ಟೇ ಇರೋದು" ಅಂದರು. ನಾವು ಬಫರ್ ಕಥೆ ಹೇಳಿದ್ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹೆಸರಿನ ಕೆಳಗೇ ಹಾಕಿ" ಅಂದರು. ರಿಪೋರ್ಟ್ ಬೈಂಡಿಂಗ್‌ಗೆ ಹೋಗಿದೆ.

ಭಾರತ ರತ್ನ ಕೊಡೋ ಅಧಿಕಾರ ನಮಗಿಲ್ಲ, ಶಾಲು ಹೊದಿಸೋಕೂ ಕಮಿಟಿ ಬೇಕು. ಒಂದು ಸಾಲು ಬರೆಯೋಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ರಿಪೋರ್ಟುಗಳು ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂದ್ರೆ, ನಿಮ್ಮ ಲ್ಯಾಬಿನ ಅಣ್ಣನದ್ದೋ ಅಕ್ಕನದ್ದೋ ಪೂರ್ತಿ ಹೆಸರು ಕೇಳಿ, ಇನಿಷಿಯಲ್ ಸಮೇತ.