ಶಂಕರಪುರದ ನೆರೆಯಲ್ಲಿ ನಾದವೂ ದಾನವೂ

ಬೆಂಗಳೂರಿನ ಶಂಕರಪುರವು ಬಹು ವಿಸ್ತಾರವಾದ ಬಡಾವಣೆಯಲ್ಲ. ಶೃಂಗೇರಿಯ ಶಂಕರಮಠವೇ ಇದರ ಕೇಂದ್ರ. ಒಂದು ಮಗ್ಗುಲಿಗೆ ಬಸವನಗುಡಿ, ಇನ್ನೊಂದು ಮಗ್ಗುಲಿಗೆ ಚಾಮರಾಜಪೇಟೆ. 1905ರಲ್ಲಿ ಸ್ಥಾಪಿತವಾದ ಗಾಯನ ಸಮಾಜವೂ ಸಮೀಪದಲ್ಲಿಯೇ, ಕೃಷ್ಣರಾಜೇಂದ್ರ ರಸ್ತೆಯಲ್ಲಿರುವುದು. ಆದುದರಿಂದ ಇಲ್ಲಿಯ ಗೃಹಸ್ಥರು ಸಂಗೀತ ಕೇಳಲು ಕಾಲ್ನಡಿಗೆಯಲ್ಲಿಯೇ ಹೋಗಿಬರುವರು.

ಶ್ರೀರಾಮನವಮಿಯ ಕಾಲದಲ್ಲಿ ಈ ಭಾಗದ ಸೊಬಗೇ ಬೇರೆ. ಬೀದಿಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚುವರು. ಬಾಯಾರಿ ಬಂದವನು ಯಾರೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಎಳೆಯ ವಯಸ್ಸಿನಲ್ಲಿಯೇ ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ಉತ್ಸವವು ಇಂತಹ ವಾತಾವರಣದಲ್ಲಿಯೇ ಬೆಳೆಯಿತು. ಬಳಿಕ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ದೇಶದ ಹಿರಿಯ ವಿದ್ವಾಂಸರೆಲ್ಲ ಹಾಡಿದರು.

ಬೀದಿಯ ಉತ್ಸವಕ್ಕೆ ಮೂಲಧನವೆಂದರೆ ಮನೆಮನೆಯ ಚಂದಾಹಣ. ಹರಿದಾಸರು ತಂಬೂರಿ ಹಿಡಿದು, ಹಾಡುತ್ತ ಮನೆಮನೆಗೆ ಹೋಗಿ ಪಡೆಯುತ್ತಿದ್ದ ಭಿಕ್ಷೆಗೆ ಮಧುಕರವೃತ್ತಿಯೆಂದು ಹೆಸರು. ಮಧುಕರವೆಂದರೆ ಜೇನುಹುಳು. ಅದು ಹೂವನ್ನು ನೋಯಿಸದೆ ಒಂದೊಂದರಿಂದಲೂ ಅಲ್ಪವನ್ನೇ ಕೊಳ್ಳುವುದು. ಕೊಡುವವನಿಗೆ ಭಾರವಾಗದು, ಕೂಡಿದಾಗ ಮಾತ್ರ ಹಿರಿದಾಗುವುದು.

ಸಂಗೀತದಿಂದ ಕೂಡಿದ ಹಣವನ್ನು ಪರೋಪಕಾರಕ್ಕೆ ವಿನಿಯೋಗಿಸುವ ಸಹಾಯಾರ್ಥ ಕಚೇರಿಗಳೂ ಈ ಸಂಪ್ರದಾಯದ ಕುಡಿಗಳೇ. ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದರು. ಮುಂದೆಯೂ ಅನೇಕ ಸತ್ಕಾರ್ಯಗಳಿಗೆ ತಮ್ಮ ಗಾನದಿಂದ ಧನವನ್ನು ಒದಗಿಸಿದರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಸಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ.

ಆದರೆ ವಾಚಕರು ಒಂದನ್ನು ಯೋಚಿಸಬೇಕು. ಚಪ್ಪರ ದೊಡ್ಡದಾದಂತೆ ವೆಚ್ಚವೂ ಬೆಳೆಯುವುದು; ವೆಚ್ಚ ಬೆಳೆದಂತೆ ಟಿಕೀಟಿನ ಬೆಲೆಯೂ ಏರುವುದು. ಆಗ ಬಡವನಿಗಾಗಿ ನಡೆಯುವ ಕಚೇರಿಯಲ್ಲಿ ಬಡವನಿಗೇ ಸ್ಥಳವಿಲ್ಲದೆ ಹೋಗಬಹುದು. ದೀಪ, ಧ್ವನಿವರ್ಧಕ, ಹಾರತುರಾಯಿಗಳಿಗೆ ಕಳೆದು ಉಳಿದುದೇ ದಾನವೆನ್ನಿಸಬಹುದು. ಆದುದರಿಂದ ಸಹಾಯಾರ್ಥ ಕಚೇರಿಯನ್ನು ನಡೆಸುವವರು ಹಣವಿಲ್ಲದ ರಸಿಕನಿಗೂ ಕುಳಿತು ಕೇಳಲು ಒಂದಿಷ್ಟು ಜಾಗವಿಡಬೇಕು. ಕೂಡಿದ್ದೆಷ್ಟು, ವೆಚ್ಚವಾದದ್ದೆಷ್ಟು, ದಾನಕ್ಕೆ ಸಂದದ್ದೆಷ್ಟು ಎಂಬ ಲೆಕ್ಕವನ್ನು ಚಪ್ಪರದ ಬಾಗಿಲಲ್ಲಿಯೇ ಬರೆದು ತೂಗುಹಾಕಬೇಕು.

ಕೇಳುವ ನಮಗೂ ಕರ್ತವ್ಯವುಂಟು. ಚಂದಾ ಪುಸ್ತಕವು ಮನೆಬಾಗಿಲಿಗೆ ಬಂದಾಗ ಕೈಲಾದಷ್ಟನ್ನು ಕೊಡೋಣ. ಕೊಟ್ಟ ಬಳಿಕ ಲೆಕ್ಕವನ್ನು ಸಂಕೋಚವಿಲ್ಲದೆ ಕೇಳೋಣ. ಇದರಿಂದ ಸಂಗೀತದ ಗೌರವಕ್ಕೆ ಕುಂದಿಲ್ಲ. ಮರುವರ್ಷ ಚಂದಾ ಕೇಳಲು ಬರುವ ಹುಡುಗರಿಗೂ ಇದೇ ಬಲ.