ಹೊಳೆಯ ದಡದ ಮರಳುಗಾಡು

ಜೈಸಲ್ಮೇರಿನ ಕೋಟೆಯಿಂದ ಯಾತ್ರಿಕರನ್ನು ಒಂಟೆಯ ಮೇಲೆ ಕೂರಿಸಿ ಮರಳುದಿಣ್ಣೆಗಳಿಗೆ ಕರೆದೊಯ್ಯುವ ಚಿತ್ರವೊಂದನ್ನು ಕಂಡಂದಿನಿಂದ ನಮ್ಮ ಮಗಳು ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ಅಷ್ಟು ದೂರದ ಪ್ರಯಾಣ ನಮ್ಮ ಶಕ್ತಿಗೆ ಮೀರಿದ್ದು. ಆದರೆ ಮರಳುಗಾಡನ್ನು ನೋಡುವುದಕ್ಕೆ ಕನ್ನಡನಾಡನ್ನು ಬಿಟ್ಟು ಹೋಗಬೇಕಾದುದಿಲ್ಲ; ಕಾವೇರಿಯ ದಡದಲ್ಲಿಯೇ ಒಂದುಂಟು. ದಸರೆಯ ರಜೆಯಲ್ಲಿ ನಮ್ಮ ತಾಯಿಯವರನ್ನೂ ಮಗುವನ್ನೂ ಕರೆದುಕೊಂಡು ತಲಕಾಡಿಗೆ ಹೊರಟೆವು.

ನಮ್ಮ ಮನೆಯಿರುವುದು ದೇವನಹಳ್ಳಿಯ ಕೋಟೆಯೊಳಗೆ. ಹೊರಡುವ ಮುನ್ನ ಮನೆಯ ಕೆಲಸವೊಂದನ್ನು ಗೊತ್ತುಮಾಡಿದ್ದೆವು. ಹಿತ್ತಲಿನ ಬಾವಿ ಬತ್ತಿ ಎಷ್ಟೋ ವರ್ಷಗಳಾಗಿದ್ದುವು. ಹಿಂದಿರುಗಿದ ಕೂಡಲೆ ಅದಕ್ಕೆ ಮಣ್ಣು ತುಂಬಿಸಿ ಮುಚ್ಚಿಬಿಡುವುದೆಂದು ನಿಶ್ಚಯಿಸಿ, ಲಾರಿಯವನಿಗೆ ಮುಂಗಡವನ್ನೂ ಕೊಟ್ಟಿದ್ದೆವು. ತಾಯಿಯವರು ಬೇಡವೆನ್ನಲಿಲ್ಲ, ಆಗಲೆಂದೂ ಹೇಳಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರು ನೀರು ಸೇದಿದ ಬಾವಿ ಅದು.

ಟಿಪ್ಪು ಸುಲ್ತಾನನು ಹುಟ್ಟಿದುದು ನಮ್ಮ ದೇವನಹಳ್ಳಿಯಲ್ಲಿ. 1799ರಲ್ಲಿ ಮಡಿದುದು ಶ್ರೀರಂಗಪಟ್ಟಣದಲ್ಲಿ. ಆ ಪಟ್ಟಣದಲ್ಲಿ ಒಂದು ರಾತ್ರಿ ತಂಗಿ, ರಂಗನಾಥಸ್ವಾಮಿಯ ದರ್ಶನವನ್ನು ಮಾಡಿಕೊಂಡು, ಬೆಳಗ್ಗೆ ಬನ್ನೂರಿನ ಹಾದಿಯನ್ನು ಹಿಡಿದೆವು. ತಲಕಾಡಿನ ಕಥೆ ಮೊದಲಾಗುವುದೂ ಶ್ರೀರಂಗಪಟ್ಟಣದಲ್ಲಿಯೇ. ದಾರಿಯಲ್ಲಿ ತಾಯಿಯವರು ಅದನ್ನು ಮಗುವಿಗೆ ಹೇಳಿದರು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನ ಬಳಿಯಿದ್ದ ಒಡವೆಗಳಿಗಾಗಿ ರಾಜಭಟರು ಬೆನ್ನಟ್ಟಿದರು. ಆಕೆಯು ಮಾಲಂಗಿಯ ಬಳಿ ಹೊಳೆಗೆ ಹಾರುವಾಗ, ತಲಕಾಡು ಮರಳಿನ ಪಾಲಾಗಲೆಂದೂ ಅರಸರ ವಂಶಕ್ಕೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿದಳೆಂದು ಜನರು ಹೇಳುತ್ತಾರೆ.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವುದನ್ನು ಕಂಡು ಮಗು ಬೆರಗಾದಳು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಇಳಿಯುವ ನಮ್ಮ ಅರ್ಕಾವತಿಯನ್ನು ತೋರಿಸಿ ಹೊಳೆಯೆಂದರೆ ಅವಳು ನಂಬುತ್ತಿರಲಿಲ್ಲ.

ತಲಕಾಡು ಮೈಸೂರಿನಿಂದ ಸುಮಾರು 45 ಕಿಲೋಮೀಟರು. ಇದು ಗಂಗರ ರಾಜಧಾನಿಯಾಗಿದ್ದಿತು. ಬಳಿಕ ಚೋಳರ ವಶವಾಯಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಇದನ್ನು ಗೆದ್ದು 'ತಲಕಾಡುಗೊಂಡ'ನೆಂಬ ಬಿರುದನ್ನು ಧರಿಸಿದನು. ನಮಗೆ ದಾರಿ ತೋರಿಸಲು ಊರಿನ ವೃದ್ಧರೊಬ್ಬರು ಬಂದರು. "ಚಪ್ಪಲಿ ಇಲ್ಲೇ ಬಿಡಿ ತಾಯಿ, ಮರಳಿನಲ್ಲಿ ಬರಿಗಾಲೇ ಸುಖ" ಎಂದು ಅವರು ಮುಂದೆ ನಡೆದರು. ನೀಲಗಿರಿ ಮರಗಳ ನೆರಳಿನಲ್ಲಿ ದಿಣ್ಣೆಯನ್ನೇರಿದಾಗ ಕಾಲು ಕಣಕಾಲಿನವರೆಗೆ ಹೂತುಕೊಳ್ಳುತ್ತಿತ್ತು. ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲಿಳಿದು ಹೋಗಬೇಕು. ವಿಷ್ಣುವರ್ಧನನ ವಿಜಯದ ನೆನಪಾದ ಕೀರ್ತಿನಾರಾಯಣನ ಗುಡಿಯೂ ಸುತ್ತಲಿನ ಮರಳಿಗಿಂತ ತಗ್ಗಿನಲ್ಲಿಯೇ ನಿಂತಿದೆ. ಈ ಎರಡು ಗುಡಿಗಳ ನಡುವೆ ನಾವು ನಡೆದುದು ಹಳೆಯ ಊರಿನ ಮೇಲೆಯೇ ಎಂದು ತಿಳಿದಾಗ ಮೈ ಜುಮ್ಮೆಂದಿತು.

ಇಲ್ಲಿನ ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರರೊಡನೆ, ಸಮೀಪದ ಅರ್ಕೇಶ್ವರನೂ ಮುಡುಕುತೊರೆಯ ಮಲ್ಲಿಕಾರ್ಜುನನೂ ಸೇರಿ ಪಂಚಲಿಂಗಗಳು. ಕಾರ್ತಿಕ ಮಾಸದಲ್ಲಿ ವಿಶೇಷ ಯೋಗ ಕೂಡಿದ ವರ್ಷಗಳಲ್ಲಿ ಪಂಚಲಿಂಗ ದರ್ಶನ ನಡೆಯುತ್ತದೆ. 2013ರಲ್ಲಿಯೂ 2020ರಲ್ಲಿಯೂ ಹಾಗೆ ನಡೆಯಿತು.

ಮರಳಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಮಗು ಕೇಳಿದಳು: "ತಪ್ಪು ಮಾಡಿದವನು ರಾಜ. ಊರಿನವರ ಮನೆ ಏಕೆ ಮುಚ್ಚಿಹೋಗಬೇಕಾಗಿತ್ತು ಅಜ್ಜಿ?" ತಾಯಿಯವರು ಉತ್ತರ ಕೊಡಲಿಲ್ಲ.

ನಾವು ಓದಿದ್ದನ್ನು ಹೇಳಿದೆವು. ಇಲ್ಲಿ ಹೊಳೆಯು ಬಾಗಿ ಹರಿಯುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯು ಕಟ್ಟಿಸಿದ ಅಣೆಕಟ್ಟಿನಿಂದ ಕೆಳಗಣ ಪಾತ್ರದಲ್ಲಿ ನೀರು ಕಡಿಮೆಯಾಗಿ, ಬಯಲಾದ ಮರಳನ್ನು ನೈಋತ್ಯದ ಗಾಳಿ ಊರಿನ ಮೇಲೆ ತಂದು ಸುರಿಯಿತೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅದೇ ಅಣೆಕಟ್ಟಿನ ಕಾಲುವೆಯಿಂದಲೇ ಇಲ್ಲಿನ ಗದ್ದೆಗಳು ಹಸುರಾದುವು. ಮರಳು ವರ್ಷಕ್ಕೆ 9-10 ಅಡಿ ಮುಂದುವರಿಯುತ್ತದೆಂದೂ, ಜನರು ಮನೆಗಳನ್ನು ಬಿಟ್ಟು ಹಿಂದೆ ಸರಿಯುತ್ತಾರೆಂದೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಸರ ಗೆಜೆಟಿಯರು ಬರೆದಿದೆ.

ವೃದ್ಧರು ಎಲ್ಲವನ್ನೂ ಕೇಳಿ ನಕ್ಕರು. "ಶಾಪವೋ ಗಾಳಿಯೋ, ಬಲ್ಲವರು ಹೇಳಲಿ ಸ್ವಾಮಿ. ಊರು ಒಂದು ದಿನಕ್ಕೆ ಹೂತುಹೋಗಲಿಲ್ಲ. ಮೊದಲು ಹಿತ್ತಲಿಗೆ ಬಂತು. ಹಿತ್ತಲು ತಾನೆ ಎಂದರು. ಆಮೇಲೆ ಬಾಗಿಲಿಗೆ ಬಂತು."

ಆಗ ತಾಯಿಯವರು ನಮ್ಮ ಕಡೆಗೆ ತಿರುಗಿ, "ಆ ಬಾವಿಗೆ ಮಣ್ಣು ಹಾಕಿಸಬೇಡಪ್ಪ" ಎಂದರು. ಅಷ್ಟು ದಿನ ಅವರು ನುಂಗಿಕೊಂಡಿದ್ದ ಮಾತು ಅದು. ನೀರಿಲ್ಲದ ಬಾವಿಯಿಂದ ಏನು ಪ್ರಯೋಜನವೆಂದು ವಾದಿಸುವ ಧೈರ್ಯ ಆ ಮರಳಿನ ಮೇಲೆ ಕುಳಿತಿದ್ದ ನಮಗೆ ಬರಲಿಲ್ಲ. ಹೊಳೆಯನ್ನು ಪಕ್ಕದಲ್ಲಿಟ್ಟುಕೊಂಡ ಊರೇ ಹೀಗಾಗಿರುವಾಗ, ಹೊಳೆಯಿಲ್ಲದ ಸೀಮೆಯ ನಾವು ಇರುವ ಒಂದು ಬಾವಿಯನ್ನು ಕಾಸು ಕೊಟ್ಟು ಹೂಳಿಸಲು ಹೊರಟಿದ್ದೆವು!

ಊರಿಗೆ ಬಂದು ಲಾರಿಯವನಿಗೆ ಬೇಡವೆಂದು ಹೇಳಿಕಳುಹಿಸಿದೆವು, ಮುಂಗಡ ಹೋಯಿತು. ಬಾವಿಯ ಹೂಳನ್ನು ತೆಗೆಸಿ, ಮಾಳಿಗೆಯ ಮಳೆನೀರು ಜಲ್ಲಿ, ಇದ್ದಲು, ಮರಳುಗಳ ತೊಟ್ಟಿಯಲ್ಲಿ ಸೋಸಿ ಅದಕ್ಕೆ ಇಳಿಯುವಂತೆ ಕೊಳವೆಯನ್ನು ಕೂಡಿಸಿದೆವು. ಹಿಂಗಾರಿನಲ್ಲಿ ತಳದಲ್ಲಿ ಒಂದು ಮೊಳ ನೀರು ನಿಂತಿತು. ಎರಡು ವಾರಗಳಲ್ಲಿ ಇಂಗಿಹೋಯಿತು. ಇಂಗಿದ್ದು ಎಲ್ಲಿಗೆ ಹೋಗುತ್ತದೆ, ನೆಲದೊಳಗೇ ತಾನೆ ಎಂದು ತಾಯಿಯವರ ಸಮಾಧಾನ. ಮುಂದಿನ ಮುಂಗಾರಿಗೆಂದು ಅವರು ಅಟ್ಟದ ಮೇಲಿನ ಹಳೆಯ ರಾಟೆಯನ್ನು ಇಳಿಸಿಸಿ ಎಣ್ಣೆ ಹಾಕಿಸಿದ್ದಾರೆ.