ಹಳೆಯ ಗಾಳಿದೋಣಿ

ಹಾಯಿಹಡಗನ್ನು ಕೊಳ್ಳುವುದಕ್ಕೆ ವರ್ಷಗಟ್ಟಲೆ ಯೋಚಿಸುವ ಮನುಷ್ಯ, ಅದರ ಬೆನ್ನಿಗೆ ಕಟ್ಟುವ ಪುಟ್ಟ ದೋಣಿಗೆ ಅರ್ಧ ಗಂಟೆಯ ಯೋಚನೆಯನ್ನೂ ವ್ಯಯಿಸಲಾರ. ಹಡಗಿಗೆ ಸುರಿದು ಬರಿದಾದ ಕೈ ದೋಣಿಯ ಮಟ್ಟಿಗೆ ಹಳೆಯ ಮಾಲನ್ನೇ ಅರಸುತ್ತದೆ. ಅದರಲ್ಲಿ ತಪ್ಪಿಲ್ಲ, ಆತುರದಲ್ಲಿ ತಪ್ಪಿದೆ.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಎಷ್ಟೋ ಹಾಯಿಹಡಗುಗಳು ದಡದಿಂದ ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಅಲ್ಲಿಂದ ದಡಕ್ಕೆ ಕುಡಿಯುವ ನೀರು, ದಿನಸಿ, ಹೆಂಡತಿ, ಮಕ್ಕಳು ಎಲ್ಲರನ್ನೂ ಹೊತ್ತು ತಿರುಗುವುದು ಗಾಳಿ ತುಂಬಿದ ಈ ದೋಣಿಯೇ. ಕತ್ತಲೆಯಲ್ಲಿ, ಇಳಿತದ ಸೆಳೆತದಲ್ಲಿ ಅದು ಕೈಕೊಟ್ಟರೆ ಹಡಗು ಎಷ್ಟು ಭವ್ಯವಾಗಿದ್ದರೇನು?

1973ರ ಮಾರ್ಚ್ ತಿಂಗಳಲ್ಲಿ ಮೋರಿಸ್ ಮತ್ತು ಮ್ಯಾರಲಿನ್ ಬೇಯ್ಲಿ ಎಂಬ ಇಂಗ್ಲಿಷ್ ದಂಪತಿಗಳ ಹಾಯಿಹಡಗು ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲದ ಹೊಡೆತಕ್ಕೆ ಒಡೆದು ಮುಳುಗಿತು. ಅವರಿಗೆ ಉಳಿದದ್ದು ಒಂದು ಜೀವರಕ್ಷಕ ತೆಪ್ಪ, ಒಂದು ಗಾಳಿದೋಣಿ. ಎರಡನ್ನೂ ಹಗ್ಗದಿಂದ ಬಿಗಿದು, ಮಳೆನೀರು ಕುಡಿದು, ಮೀನು ಆಮೆಗಳನ್ನು ಹಸಿಯಾಗಿ ತಿಂದು, ತೆಪ್ಪಕ್ಕೆ ಮತ್ತೆ ಮತ್ತೆ ಗಾಳಿ ತುಂಬುತ್ತ 117 ದಿನ ತೇಲಿದರು. ಜೂನ್ 30ರಂದು ಕೊರಿಯದ ಮೀನುಗಾರಿಕೆಯ ಹಡಗೊಂದು ಅವರನ್ನು ಕಾಪಾಡಿತು. ದಡಕ್ಕೆ ಹೋಗಿಬರಲೆಂದು ಕೊಂಡ ದೋಣಿ ಅವರಿಗೆ ಮನೆಯ ಅರ್ಧಭಾಗವಾಗಿತ್ತು. ಗಾಳಿದೋಣಿ ತೆಪ್ಪಕ್ಕೆ ಬದಲಿಯಲ್ಲ, ನಿಜ. ಆದರೆ ಯಾವ ಹೊತ್ತು ಅದಕ್ಕೆ ಎಂಥ ಭಾರ ಬಿದ್ದೀತೆಂದು ಬಲ್ಲವರಾರು?

ಎತ್ತನ್ನು ಕೊಳ್ಳುವ ರೈತ ಹಲ್ಲು ಹಿಡಿದು ನೋಡುತ್ತಾನೆ. ದೋಣಿಗೆ ಹಲ್ಲಿಲ್ಲ, ಅದರ ವಯಸ್ಸು ಅಡಗಿರುವುದು ಅಂಟುಗಳಲ್ಲಿ. ಮೈಮೇಲಿನ ಒಂದೆರಡು ತೇಪೆಗಳಿಗೆ ಹೆದರಬೇಕಾಗಿಲ್ಲ. ಕೊಳವೆಗೆ ಕೊಳವೆ ಸೇರುವಲ್ಲಿ, ತಳ ಕೂಡುವಲ್ಲಿ ಅಂಟು ಬಿಟ್ಟಿದ್ದರೆ ಹೆದರಬೇಕು. ಪಿ.ವಿ.ಸಿ. ಬಟ್ಟೆ ಅಗ್ಗ, ಆದರೆ ಬಿಸಿಲಿನಲ್ಲಿ ಬೇಗ ಸೊರಗುತ್ತದೆ. ಕೈಗೆ ಜಿಗುಟು ಹತ್ತಿದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ಹೈಪಲಾನ್ ರಬ್ಬರಿನದು ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಮೋಟಾರು ಕೂರಿಸುವ ಹಿಂಬದಿಯ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು. ಮೆತ್ತನೆಯ ಸದ್ದು ಬಂದರೆ ಮರ ಕೊಳೆತಿದೆ.

ಆ ಬಳಿಕ ಗಾಳಿಯ ಪರೀಕ್ಷೆ. ಮೊದಲು ಒಂದು ಕೋಣೆಗೆ ಮಾತ್ರ ತುಂಬಬೇಕು. ಬರಿದಾಗಿರಬೇಕಾದ ಪಕ್ಕದ ಕೋಣೆ ತಾನಾಗಿ ಉಬ್ಬಿದರೆ ಒಳಗಿನ ಗೋಡೆ ಹರಿದಿದೆಯೆಂದು ತಿಳಿದು ಕೈಮುಗಿದು ಹಿಂತಿರುಗುವುದು ಲೇಸು. ಹಾಗಾಗದಿದ್ದರೆ ಎಲ್ಲವನ್ನೂ ಬಿಗಿಯಾಗಿ ತುಂಬಿ, ವಾಲ್ವುಗಳಿಗೂ ಅಂಟುಗಳಿಗೂ ಸಾಬೂನಿನ ನೀರು ಸವರಿ, ಗುಳ್ಳೆ ಏಳುವುದೋ ಎಂದು ನೋಡಿ, ಒಂದು ರಾತ್ರಿ ಹಾಗೆಯೇ ಬಿಡಬೇಕು. ಬೆಳಗಿನ ತಂಪಿಗೆ ಗಾಳಿ ಕುಗ್ಗಿ ಇಡೀ ದೋಣಿ ಸ್ವಲ್ಪ ಮೆತ್ತಗಾಗುವುದು ಸಹಜ, ಅದು ಸೋರಿಕೆಯಲ್ಲ. ಉಳಿದವು ಬಿಗಿಯಾಗಿದ್ದು ಒಂದೇ ಕೋಣೆ ಜೋತುಬಿದ್ದಿದ್ದರೆ ಮಾತ್ರ ದೋಷ ಅಲ್ಲಿಯೇ ಇದೆ.

“ಒಂದೇ ಒಂದು ಬೇಸಗೆ ಬಳಸಿದ್ದು, ಸ್ವಾಮಿ” ಎನ್ನುತ್ತಾನೆ ಮಾರುವವನು. ಅವನು ಸುಳ್ಳುಗಾರನೇ ಆಗಿರಬೇಕೆಂದಿಲ್ಲ. ಮುಂದಿನ ಹತ್ತು ಬೇಸಗೆಗಳನ್ನು ಅದು ಬಿಸಿಲು ಬೀಳುವ ಮೂಲೆಯಲ್ಲಿ ಕಳೆದದ್ದು ಅವನಿಗೆ ಮರೆತಿರಬಹುದು. ಒಂದು ರಾತ್ರಿ ಕಾಯುತ್ತೇನೆಂದರೆ ಅವನು ಒಪ್ಪಿದನೇ, ದೋಣಿಯ ಅರ್ಧ ಪರೀಕ್ಷೆ ಆಗಲೇ ಮುಗಿಯಿತು. ಒಪ್ಪದಿದ್ದರೆ ಉಳಿದರ್ಧವೂ ಮುಗಿಯಿತು.

ಹೊಸದಕ್ಕೆ ಹಣ ಬೇಕು, ಹಳೆಯದಕ್ಕೆ ತಾಳ್ಮೆ ಬೇಕು. ಎರಡನ್ನೂ ಉಳಿಸಹೊರಟವನಿಗೆ ಈಜು ಬರಬೇಕು.